ಫೈಲು ಒಳಗಿದೆ ಅನ್ನುತ್ತಾರೆ, ತೆಗೆದು ಕೊಡಿ ಅಂದರೆ?

ಆಫೀಸಿನ ಕಡತಗಳನ್ನು ಕಂಪ್ಯೂಟರಿನಲ್ಲಿ ಕಾಪಾಡುವ ಸಾಫ್ಟ್‌ವೇರುಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ, ‘ಯಾವುದು ಒಳ್ಳೆಯದು, ಹೆಸರು ಹೇಳಿಬಿಡಿ’ ಅಂತಲೇ ಇವೆ. ಹೆಸರು ಹೇಳುವುದಿಲ್ಲ. ಒಂದೇ ಸಾಫ್ಟ್‌ವೇರ್ ಒಂದು ಆಫೀಸಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ, ಪಕ್ಕದ ಆಫೀಸಿನಲ್ಲಿ ಗೋಳು ಹೊಯ್ದುಕೊಳ್ಳುತ್ತದೆ. ಉಳಿದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಾರ್ಖಾನೆ. ಡ್ರಾಯಿಂಗು, ಪರ್ಚೇಸ್ ಆರ್ಡರು, ಟೆಸ್ಟ್ ಸರ್ಟಿಫಿಕೇಟು ಎಲ್ಲ ಸೇರಿ ಎರಡು ರೂಮು ತುಂಬ ಫೈಲಿದೆ. ಸಾಫ್ಟ್‌ವೇರ್ ಮಾರುವವರು ಬಂದು, ಶೇ. 99.9 ಗ್ಯಾರಂಟಿ, ದಿನಾ ರಾತ್ರಿ ಬ್ಯಾಕಪ್ ಆಗುತ್ತದೆ, ನೀವು ನಿಶ್ಚಿಂತೆಯಾಗಿರಿ ಅಂದರು. ನಂಬಬಹುದಾ ಸರ್?
– ಆಫೀಸ್ ಮ್ಯಾನೇಜರ್, ಬೆಂಗಳೂರು

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ಶೇ. 99.9 ಅಂದರೆ ವರ್ಷಕ್ಕೆ ಹೆಚ್ಚೆಂದರೆ 8 ಗಂಟೆ 45 ನಿಮಿಷ ಸಿಸ್ಟಂ ಕೈಕೊಡಬಹುದು, ಉಳಿದ ಹೊತ್ತು ಲಾಗಿನ್ ಆಗುತ್ತದೆ, ಅಷ್ಟೇ. ಲಾಗಿನ್ ಆದಮೇಲೆ ನಿಮ್ಮ ಡ್ರಾಯಿಂಗು ಸಿಗುತ್ತದಾ, ಸಿಕ್ಕಿದ್ದು ನೀವು ಇಟ್ಟಿದ್ದೇನಾ, ನಡುವೆ ಯಾರಾದರೂ ಕೈಯಾಡಿಸಿದ್ದಾರಾ, ಈ ಯಾವುದನ್ನೂ ಆ ಸಂಖ್ಯೆ ಹೇಳುವುದಿಲ್ಲ. ಬಾಗಿಲು ದಿನಾ ತೆರೆದಿರುವ ಖಾಲಿ ಗೋಡೌನಿಗೂ ಶೇ. 99.9 ಬರುತ್ತದೆ ಅಲ್ವಾ?

ಇನ್ನು ಬ್ಯಾಕಪ್ ವಿಷಯ. ಇದರಲ್ಲಿ ದೊಡ್ಡವರೇ ಎಡವಿದ್ದಾರೆ. ಗಿಟ್‌ಲ್ಯಾಬ್ ಅನ್ನುವ ಕಂಪನಿ ಗೊತ್ತಿರಬಹುದು, ಪ್ರಪಂಚದ ಪ್ರೋಗ್ರಾಮರುಗಳು ತಮ್ಮ ಕೆಲಸವನ್ನೆಲ್ಲ ಅಲ್ಲಿ ಇಡುತ್ತಾರೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಎಂಜಿನಿಯರೊಬ್ಬರು ಎರಡನೇ ಸರ್ವರಿನಲ್ಲಿ ಅಳಿಸಬೇಕಿದ್ದನ್ನು ಮುಖ್ಯ ಸರ್ವರಿನಲ್ಲೇ ಅಳಿಸಿದರು. ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿದಿತ್ತು. ಸರಿ, ಬ್ಯಾಕಪ್ ಇದೆಯಲ್ಲ ಅಂತ ಹುಡುಕಿದರೆ, ಇದ್ದ ಐದು ಬಗೆಯ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ದಿನಾ ತೆಗೆಯಬೇಕಿದ್ದ ಕಾಪಿ ಬೇರೆ ಬೇರೆ ವರ್ಷನ್‌ಗಳ ತಾಳಮೇಳ ತಪ್ಪಿ ಸುಮ್ಮನೆ ಫೇಲ್ ಆಗುತ್ತಿತ್ತು. ‘ಫೇಲ್ ಆಗಿದೆ’ ಅಂತ ಹೇಳಬೇಕಾದ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಬೇರೇನೋ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಒಂದು ಕಾಪಿ ಇದ್ದಿದ್ದಕ್ಕೆ ಅವರು ಬಚಾವಾದರು. ಆ ಆರು ಗಂಟೆಯ ಡೇಟಾ ಹೋಯಿತು. ಇದನ್ನೆಲ್ಲ ಅವರೇ ಮುಚ್ಚಿಡದೆ ಬರೆದು ಪ್ರಕಟಿಸಿದರು. ಆ ಮಟ್ಟಿಗೆ ಮೆಚ್ಚಬೇಕು.

ಹಾಗಾಗಿ ‘ಬ್ಯಾಕಪ್ ಆಗುತ್ತದಾ?’ ಅಂತ ಕೇಳಬೇಡಿ. ಆಗುತ್ತದೆ ಅಂತಲೇ ಹೇಳುತ್ತಾರೆ. ‘ನಮ್ಮ ಇಂಥ ನಂಬರಿನ ಡ್ರಾಯಿಂಗ್ ಹೋದ ತಿಂಗಳು 10ನೇ ತಾರೀಕು ಹೇಗಿತ್ತೋ ಹಾಗೇ ಬ್ಯಾಕಪ್‌ನಿಂದ ತೆಗೆದು ಕೊಡಿ, ನಾವು ಇಲ್ಲೇ ಕೂತಿರುತ್ತೇವೆ’ ಅನ್ನಿ. ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ. ಕೊಳ್ಳುವ ಮೊದಲು ಟ್ರಯಲ್ ಸಿಸ್ಟಮ್ಮಿನಲ್ಲಿ ಒಂದು ಸಲ, ಕೊಂಡಮೇಲೆ ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿಸಿ, ಯಾರು ಮಾಡಿದರು ಅಂತ ಸಹಿ ಹಾಕಿಸಿ ಇಟ್ಟುಕೊಳ್ಳಿ. ‘ಅದಕ್ಕೆ ಟಿಕೆಟ್ ಹಾಕಬೇಕು, ಹೆಡ್ ಆಫೀಸಿನಿಂದ ಪರ್ಮಿಷನ್ ಬರಬೇಕು’ ಅಂತ ಶುರುವಾದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ಇನ್ನೊಂದು, ಬ್ಯಾಕಪ್ ಎಲ್ಲಿದೆ ಅಂತ ಊರಿನ ಹೆಸರು ಸಮೇತ ಕೇಳಿ. ದಕ್ಷಿಣ ಕೊರಿಯಾದ ಡೇಜಿಯಾನ್ ನಗರದಲ್ಲಿ ಸರ್ಕಾರಿ ಡೇಟಾ ಸೆಂಟರ್ ಒಂದಿದೆ. 2025ರ ಸೆಪ್ಟೆಂಬರ್ 26ರಂದು ಅಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿ ಸ್ಥಳಾಂತರ ಮಾಡುವಾಗ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕೆಲಸದ ಫೈಲುಗಳನ್ನು ಇಡುತ್ತಿದ್ದ ಜಿ-ಡ್ರೈವ್ ಅನ್ನುವ ವ್ಯವಸ್ಥೆ ಸುಟ್ಟುಹೋಯಿತು, 858 ಟೆರಾಬೈಟ್. ಗಾತ್ರ ತುಂಬಾ ದೊಡ್ಡದು ಅನ್ನುವ ಕಾರಣಕ್ಕೆ ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ. ಫೈಲನ್ನು ಸ್ವಂತ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಡಿ, ಅಲ್ಲೇ ಇಡಿ ಅಂತ ನೌಕರರಿಗೆ ಹೇಳಿದ್ದ ಸರ್ಕಾರವೇ ಅದು. ನಾಲ್ಕು ವರ್ಷ ಮೊದಲು, 2021ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗಲೂ ಕೆಲವು ಗ್ರಾಹಕರ ಬ್ಯಾಕಪ್ ಅದೇ ಜಾಗದಲ್ಲಿದ್ದು ಹೋಯಿತು. ಪೀಣ್ಯದ ನಿಮ್ಮ ಸರ್ವರ್ ರೂಮಿನ ಕಾಪಿ ಅದೇ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿದ್ದರೆ ಅದು ಡಿಸ್ಕ್ ಕೆಟ್ಟಾಗ ಉಪಯೋಗಕ್ಕೆ ಬಂದೀತು, ಬೆಂಕಿಗೆ ಬಾರದು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಹಳೇ ಲೆಡ್ಜರ್, ಸಾಲದ ಫೈಲುಗಳನ್ನು ಸ್ಕ್ಯಾನ್ ಮಾಡಿಸಲು ಒಂದು ಏಜೆನ್ಸಿಗೆ ಕೊಟ್ಟಿದ್ದೇವೆ. ಸ್ಕ್ಯಾನ್ ಆದಮೇಲೆ ಕಾಗದ ಇಟ್ಟುಕೊಳ್ಳುವ ಅಗತ್ಯ ಇಲ್ಲ, ರದ್ದಿಗೆ ಹಾಕಿ, ಜಾಗ ಉಳಿಯುತ್ತದೆ ಅನ್ನುತ್ತಿದ್ದಾರೆ. ನಿರ್ದೇಶಕರೂ ಒಪ್ಪಿದ್ದಾರೆ. ನನಗೆ ಮಾತ್ರ ಅಳುಕು.
– ಸಂಘದ ಕಾರ್ಯದರ್ಶಿ, ದಾವಣಗೆರೆ ಜಿಲ್ಲೆ

ಉತ್ತರ: ಅಳುಕು ಇರಲಿ, ಬಿಡಬೇಡಿ. ಸ್ಕ್ಯಾನ್ ಅಂದರೆ ಫೋಟೋ, ಫೋಟೋ ಅಂದಮೇಲೆ ಇದ್ದದ್ದು ಇದ್ದ ಹಾಗೇ ಬಂದಿರುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ತಜ್ಞರ ಹತ್ತಿರ ಒಂದು ವಿಚಿತ್ರ ದೂರು ಬಂತು. ಕಟ್ಟಡದ ನಕ್ಷೆಯೊಂದನ್ನು ಝೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ್ದರು. ಅಸಲಿ ನಕ್ಷೆಯಲ್ಲಿ ಮೂರು ಕೋಣೆಗಳಿಗೆ ಮೂರು ಬೇರೆ ಬೇರೆ ಅಳತೆ ಇತ್ತು, ಸ್ಕ್ಯಾನಿನಲ್ಲಿ ಮೂರಕ್ಕೂ 14.13 ಚದರ ಮೀಟರ್ ಅಂತಲೇ ಬಂದಿತ್ತು. ಮಸುಕಿಲ್ಲ, ಕಲೆಯಿಲ್ಲ, ಅಂಕಿ ಸ್ಪಷ್ಟವಾಗಿತ್ತು. ತಪ್ಪಾಗಿತ್ತು, ಅಷ್ಟೇ. ಆಮೇಲೆ ನೋಡಿದರೆ ಖರ್ಚಿನ ಪಟ್ಟಿಗಳಲ್ಲಿ 6 ಇದ್ದ ಕಡೆ 8 ಆಗಿತ್ತು. ಫೈಲಿನ ಗಾತ್ರ ಇಳಿಸಲು ಆ ಯಂತ್ರ ಒಂದೇ ತರ ಕಾಣುವ ಅಕ್ಷರಗಳನ್ನು ಹುಡುಕಿ, ಒಂದನ್ನು ಇಟ್ಟುಕೊಂಡು ಉಳಿದ ಕಡೆಗೆಲ್ಲ ಅದನ್ನೇ ಅಂಟಿಸುತ್ತಿತ್ತು. ಸಣ್ಣ ಅಕ್ಷರದಲ್ಲಿ 6 ಮತ್ತು 8 ಅದಕ್ಕೆ ಒಂದೇ. ಯಾರಿಗೂ ಗೊತ್ತಾಗದೆ ಇದು ಎಷ್ಟೋ ವರ್ಷದಿಂದ ನಡೆದಿತ್ತು. ಕಂಪನಿ ಆಮೇಲೆ ಸರಿಪಡಿಸಿತು, ನಿಜ. ಆದರೆ ಅಷ್ಟರಲ್ಲಿ ಕಾಗದವನ್ನು ರದ್ದಿಗೆ ಹಾಕಿದವರು ಯಾವುದನ್ನು ನೋಡಿ ತಿದ್ದಿಕೊಳ್ಳಬೇಕು?

ನಿಮ್ಮ ಸಂಘದಲ್ಲಿ 6,000 ಸಾಲ 8,000 ಆದರೆ ಸದಸ್ಯರು ಸುಮ್ಮನಿರುವುದಿಲ್ಲ. 8,000 ಇದ್ದದ್ದು 6,000 ಆದರೆ ಸುಮ್ಮನಿದ್ದುಬಿಡುತ್ತಾರೆ. ಅದು ಇನ್ನೂ ಕಷ್ಟ.

ಏಜೆನ್ಸಿಯವರಿಗೆ ಮೊದಲು ಹೇಳಬೇಕಾದ್ದು, ಫೈಲ್ ಗಾತ್ರ ದೊಡ್ಡದಾದರೂ ಪರವಾಗಿಲ್ಲ, ಅಕ್ಷರ ಬದಲಿಸುವಂಥ ಕಂಪ್ರೆಷನ್ ಬೇಡ ಅಂತ. ಒಪ್ಪಂದದಲ್ಲಿ ಇದನ್ನು ಬರೆಸಿ. ಆಮೇಲೆ ಪ್ರತಿ ಕಟ್ಟಿನಲ್ಲೂ ನೀವೇ ಆರಿಸಿದ ಕೆಲವು ಪುಟಗಳನ್ನು ಕಾಗದದ ಜೊತೆ ಒತ್ತಟ್ಟಿಗೆ ಇಟ್ಟು ನೋಡಿ. ಅವರು ಆರಿಸಿ ಕೊಟ್ಟ ಪುಟಗಳನ್ನಲ್ಲ. ಖಾತೆ ನಂಬರು, ಹೆಸರು ಟೈಪ್ ಮಾಡಿ ಇಂಡೆಕ್ಸ್ ಮಾಡುತ್ತಾರಲ್ಲ, ಅಲ್ಲಿ ತಪ್ಪು ಜಾಸ್ತಿ. ಖಾತೆ ನಂಬರಿನ ಒಂದು ಅಂಕಿ ತಪ್ಪಿದರೆ ಆ ಫೈಲು ಕಂಪ್ಯೂಟರಿನಲ್ಲಿದ್ದೂ ಇಲ್ಲದ ಹಾಗೆ.

ನಮ್ಮ ಭೂಮಿ ಯೋಜನೆಯನ್ನೇ ನೋಡಿ. ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದ ದೊಡ್ಡ ಕೆಲಸ ಅದು. ಬೇರೆ ರಾಜ್ಯದವರು ಬಂದು ನೋಡಿ ಕಲಿತರು. ಆದರೂ ಕಾಲಂ 3ರ ವಿಸ್ತೀರ್ಣಕ್ಕೂ ಕಾಲಂ 9ರ ಮಾಲೀಕರ ಹೆಸರಿನ ಮುಂದಿನ ವಿಸ್ತೀರ್ಣಕ್ಕೂ ತಾಳೆಯಾಗದೆ ತಾಲ್ಲೂಕು ಕಚೇರಿಗೆ ಅಲೆದವರು ನಿಮ್ಮ ಸಂಘದಲ್ಲೇ ಇದ್ದಾರು. ಅಲ್ಲಿ ಸಾಫ್ಟ್‌ವೇರ್ ಕೆಟ್ಟಿರುವುದಿಲ್ಲ. ಏನು ಹಾಕಿದರೋ ಅದನ್ನು ನಿಯತ್ತಾಗಿ ಇಟ್ಟುಕೊಂಡಿರುತ್ತದೆ. ತಿದ್ದಬೇಕು ಅಂದಾಗ ಬೇಕಾಗುವುದು ಹಳೇ ಕೈಬರಹದ ಪುಸ್ತಕವೇ.

ಅಡಮಾನ ಪತ್ರ, ಸಹಿ ಇರುವ ಪ್ರಾಮಿಸರಿ ನೋಟು, ಸ್ಟಾಂಪ್ ಹಚ್ಚಿದ ಕಾಗದ, ಠರಾವು ಪುಸ್ತಕ, ಇವನ್ನು ರದ್ದಿಗೆ ಹಾಕುವ ಮಾತೇ ಬೇಡ. ಉಳಿದದ್ದಕ್ಕೆ ನಿಮ್ಮ ಲೆಕ್ಕಪರಿಶೋಧಕರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಪ್ರಶ್ನೆ: ನಾವು ನೋಡಿದ ಸಾಫ್ಟ್‌ವೇರಿಗೆ ಐಎಸ್‌ಒ ಸರ್ಟಿಫಿಕೇಟ್ ಇದೆಯಂತೆ. ಅಷ್ಟಿದ್ದರೆ ಸಾಕಲ್ವಾ?
– ತುಮಕೂರು

ಉತ್ತರ: ಯಾವ ನಂಬರಿನ ಐಎಸ್‌ಒ ಅಂತ ಕೇಳಿದಿರಾ? ಸಾಮಾನ್ಯವಾಗಿ ತೋರಿಸುವುದು 27001. ಅದು ಆ ಕಂಪನಿ ತನ್ನ ಮಾಹಿತಿ ಭದ್ರತೆಯನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದಕ್ಕೆ. ದಾಖಲೆ ನಿರ್ವಹಣೆಗೆ ಇರುವುದು 15489. 2001ರಲ್ಲಿ ಬಂತು, 2016ರಲ್ಲಿ ಪರಿಷ್ಕರಿಸಿದರು. ಅದು ಮಾರ್ಗದರ್ಶನ, ಒಂದು ಸಾಫ್ಟ್‌ವೇರಿಗೆ ಸೀಲು ಹೊಡೆದು ಕೊಡುವಂಥದ್ದಲ್ಲ. ಸರ್ಟಿಫಿಕೇಟ್ ಇದ್ದರೆ ಒಳ್ಳೆಯದೇ, ಆದರೆ ಪೀಣ್ಯದವರಿಗೆ ಹೇಳಿದ ಪರೀಕ್ಷೆಯನ್ನು ಬಿಡಬೇಡಿ.

ಪ್ರಶ್ನೆ: ನಾನು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಅಕೌಂಟೆಂಟ್. ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ (ಯಾರು ಯಾವಾಗ ಏನು ಬದಲಿಸಿದರು ಅನ್ನುವ ದಾಖಲೆ) ಇರುವುದರಿಂದ ನಿಧಾನ ಆಗುತ್ತದೆ, ಅದನ್ನು ಆಫ್ ಮಾಡು ಅಂತ ನಮ್ಮ ಯಜಮಾನರು ಹೇಳುತ್ತಿದ್ದಾರೆ. ಸಾಫ್ಟ್‌ವೇರನ್ನು ನಂಬಬೇಕು, ಎಲ್ಲದಕ್ಕೂ ಪತ್ತೇದಾರಿ ಯಾಕೆ ಅಂತ ಅವರ ವಾದ. ಏನು ಮಾಡಲಿ? ಹೆಸರು ಹಾಕಬೇಡಿ.
– ಹುಬ್ಬಳ್ಳಿ

ಉತ್ತರ: ಮಾಡಬೇಡಿ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ಬದಲಾವಣೆಯೂ ತಾರೀಕಿನ ಸಮೇತ ದಾಖಲಾಗಬೇಕು, ಅದನ್ನು ಆಫ್ ಮಾಡಲು ಆಗಬಾರದು ಅಂತ ಕಂಪನಿ ಕಾಯ್ದೆಯ ನಿಯಮವೇ ಇದೆ. ವರ್ಷಪೂರ್ತಿ ಆನ್ ಇತ್ತಾ ಅಂತ ಆಡಿಟರು ವರದಿಯಲ್ಲಿ ಬರೆಯಲೇಬೇಕು. ಪಾಲುದಾರಿಕೆ ಸಂಸ್ಥೆಗೆ, ಒಬ್ಬರೇ ನಡೆಸುವ ಅಂಗಡಿಗೆ ಈ ನಿಯಮ ಇಲ್ಲ. ನಿಮ್ಮದು ಪ್ರೈವೇಟ್ ಲಿಮಿಟೆಡ್, ನಿಮಗಿದೆ. ಯಜಮಾನರಿಗೆ ನೀವು ಹೇಳುವುದಕ್ಕಿಂತ ಆಡಿಟರ ಬಾಯಲ್ಲಿ ಹೇಳಿಸಿ. ನಿಮ್ಮ ಕೆಲಸ ಉಳಿಯುತ್ತದೆ.

ಸಾಫ್ಟ್‌ವೇರನ್ನು ನಂಬಬೇಕು ಅನ್ನುವ ಮಾತಿಗೆ ಬರೋಣ. ಬ್ರಿಟನ್ನಿನಲ್ಲಿ ಪೋಸ್ಟ್ ಆಫೀಸ್ ಹಾಗೇ ನಂಬಿತು. 1999ರಲ್ಲಿ ಫುಜಿತ್ಸು ಕಂಪನಿಯ ಹೊರೈಜನ್ ಅನ್ನುವ ಸಾಫ್ಟ್‌ವೇರ್ ಬಂತು. ಊರೂರಿನ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಇಲ್ಲದ ಕೊರತೆ ಕಾಣಿಸತೊಡಗಿತು. ದುಡ್ಡು ಎಲ್ಲಿ ಅಂತ ಕೇಳಿದರೆ ಪಾಪ ಅವರಾದರೂ ಏನು ಹೇಳುತ್ತಾರೆ? ಕಂಪ್ಯೂಟರ್ ಸರಿ ಇದೆ, ನೀನೇ ಕದ್ದಿದ್ದೀಯ ಅಂತ ಕೇಸು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು, ಮನೆ ಮಾರಿ ಇಲ್ಲದ ಸಾಲ ತೀರಿಸಿದವರಿದ್ದಾರೆ. ಸಾಫ್ಟ್‌ವೇರಿನಲ್ಲಿ ದೋಷ ಇತ್ತು, ಫುಜಿತ್ಸು ಸಿಬ್ಬಂದಿ ದೂರದಿಂದಲೇ ಶಾಖೆಯ ಲೆಕ್ಕ ಬದಲಿಸಬಹುದಿತ್ತು, ಶಾಖೆ ನಡೆಸುವವರಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ ಅಂತ ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರಲ್ಲಿ. ಆ ಶಿಕ್ಷೆಗಳನ್ನು ಒಟ್ಟಿಗೇ ರದ್ದು ಮಾಡಲು 2024ರಲ್ಲಿ ಪಾರ್ಲಿಮೆಂಟೇ ಕಾನೂನು ತರಬೇಕಾಯಿತು.

ಅಂದರೆ ಲಾಗ್ ಇರುವುದು ನಿಮ್ಮನ್ನು ಹಿಡಿಯುವುದಕ್ಕೆ ಅಂತ ಯಜಮಾನರು ತಿಳಿದಿದ್ದರೆ, ಅದು ನಿಮ್ಮನ್ನೂ ಅವರನ್ನೂ ಉಳಿಸುವುದಕ್ಕೂ ಹೌದು. ಇನ್ನೊಂದು ಸೂಕ್ಷ್ಮ ಇದೆ. ಸಾಫ್ಟ್‌ವೇರಿನ ಪರದೆಯಲ್ಲಿ ಮಾಡಿದ ಬದಲಾವಣೆ ಮಾತ್ರ ಲಾಗಿಗೆ ಬಿದ್ದು, ಹಿಂಬಾಗಿಲಿನಿಂದ ನೇರ ಡೇಟಾಬೇಸಿಗೆ ಕೈಹಾಕಿದ್ದು ಬೀಳದೇ ಇರಬಹುದು. ಈ ಕೊರತೆಯನ್ನು ಎಷ್ಟೋ ಕಂಪನಿಗಳ ಆಡಿಟರುಗಳು ವರದಿಯಲ್ಲಿ ಬರೆದಿದ್ದಾರೆ. ಡೇಟಾಬೇಸಿನ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಅವರು ಮಾಡಿದ್ದು ಎಲ್ಲಿ ದಾಖಲಾಗುತ್ತದೆ ಅಂತ ಸಾಫ್ಟ್‌ವೇರಿನವರನ್ನು ಒಮ್ಮೆ ಕೇಳಿ ನೋಡಿ. ಅವರು ಉತ್ತರ ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಅನ್ನುವುದೂ ಉತ್ತರವೇ.

ಪ್ರಶ್ನೆ: ನಮ್ಮ ಟ್ರಸ್ಟಿನ ಹಳೇ ಪತ್ರವ್ಯವಹಾರ ಎಲ್ಲ ನುಡಿಯಲ್ಲಿ ಟೈಪ್ ಮಾಡಿದ್ದು. ಹೊಸ ಸಾಫ್ಟ್‌ವೇರಿಗೆ ಹಾಕಿದೆವು. ಹುಡುಕಿದರೆ ಒಂದೂ ಸಿಗುವುದಿಲ್ಲ. ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು ಎಲ್ಲ ಬರುತ್ತದೆ. ಫೈಲು ಹಾಳಾಯಿತಾ?
– ಮೈಸೂರು

ಉತ್ತರ: ಹಾಳಾಗಿಲ್ಲ ಮೇಡಂ, ಗಾಬರಿ ಬೇಡ. ಹಳೇ ನುಡಿ, ಬರಹ, ಶ್ರೀಲಿಪಿ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಪೌಂಡ್ ಗುರುತು. ಸಾಫ್ಟ್‌ವೇರಿನ ಕಣ್ಣಿಗೆ ಅದು ಕನ್ನಡವೇ ಅಲ್ಲ, ಆದ್ದರಿಂದ ಹುಡುಕಿದರೆ ಸಿಗುವುದಿಲ್ಲ.

ಯುನಿಕೋಡಿಗೆ, ಅಂದರೆ ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಈಗಿನ ಪದ್ಧತಿಗೆ, ಪರಿವರ್ತಿಸುವ ಪ್ರೋಗ್ರಾಂಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿ, ಆದರೆ ಮೂಲ ಫೈಲನ್ನು ಅಳಿಸಬೇಡಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಕಣ್ಣಿಟ್ಟು ನೋಡಿ, ಎಡವಟ್ಟಾಗುವುದು ಅಲ್ಲೇ. ನಡುನಡುವೆ ಇಂಗ್ಲಿಷ್ ಪದ, ವಿಳಾಸ ಇದ್ದರೆ ಅವೂ ಕನ್ನಡದ ಕಲಸುಮೇಲೋಗರ ಆಗಿ ಬರುತ್ತವೆ. ಹಳೇ ಫಾಂಟಿನಲ್ಲೇ ಪಿಡಿಎಫ್ ಮಾಡಿ ಇಟ್ಟರೆ ನೋಡಲು ಚೆನ್ನಾಗಿರುತ್ತದೆ, ಪ್ರಿಂಟೂ ಬರುತ್ತದೆ, ಹುಡುಕಲು ಮಾತ್ರ ಬರುವುದಿಲ್ಲ. ಎರಡೂ ಇರಲಿ.

ಯುನಿಕೋಡ್ ಆದಮೇಲೂ ಒಂದು ಕಾಟ ಉಳಿಯುತ್ತದೆ. ರಾಜ್‌ಕುಮಾರ್ ಅಂತ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದಿಲ್ಲದಿದ್ದರೆ ರಾಜ್ಕುಮಾರ್ ಅಂತ ಕ ಒತ್ತು ಬರುತ್ತದೆ. ನಮಗೆ ಎರಡೂ ಒಂದೇ ಹೆಸರು, ಎಷ್ಟೋ ಸಾಫ್ಟ್‌ವೇರಿಗೆ ಇಬ್ಬರು ಬೇರೆ ಬೇರೆ ಆಸಾಮಿಗಳು. ಮಾರುವವರು ಇಂಗ್ಲಿಷಿನಲ್ಲೇ ಡೆಮೊ ತೋರಿಸುತ್ತಾರೆ. ನೀವು ಕನ್ನಡದ ನಾಲ್ಕು ಹೆಸರು ಬರೆದುಕೊಂಡು ಹೋಗಿ ಹುಡುಕಿಸಿ.

ಪ್ರಶ್ನೆ: ಅವಧಿ ಮುಗಿದ ದಾಖಲೆಗಳನ್ನು ಸಾಫ್ಟ್‌ವೇರೇ ತಾನಾಗಿ ಅಳಿಸುವ ಸೌಲಭ್ಯ ಇದೆ. ಆನ್ ಮಾಡಬಹುದಾ?
– ಎಚ್‌ಆರ್ ವಿಭಾಗ, ಬೆಂಗಳೂರು

ಉತ್ತರ: ಮಾಡಬಹುದು, ಕೊನೆಯ ಗುಂಡಿ ಮನುಷ್ಯರ ಕೈಯಲ್ಲಿರಲಿ. 2020ರ ಆಗಸ್ಟ್‌ನಲ್ಲಿ ಕೆಪಿಎಂಜಿ ಕಂಪನಿಯಲ್ಲಿ ಒಬ್ಬ ಬಳಕೆದಾರರನ್ನು ಚಾಟ್ ಅಳಿಸುವ ನಿಯಮದಿಂದ ಹೊರಗಿಡಲು ಹೋಗಿ, ಆ ನಿಯಮ ಎಲ್ಲರಿಗೂ ಅನ್ವಯವಾಗಿಬಿಟ್ಟಿತು. ಸುಮಾರು 1,45,000 ಜನರ ಖಾಸಗಿ ಚಾಟ್ ಅಳಿಸಿಹೋಯಿತು, ವಾಪಸ್ ತರಲಾಗಲಿಲ್ಲ. ಸಾಫ್ಟ್‌ವೇರ್ ತಪ್ಪು ಮಾಡಲಿಲ್ಲ ನೋಡಿ, ಹೇಳಿದ್ದನ್ನೇ ಮಾಡಿತು.

ಅದಕ್ಕೇ ಅಳಿಸುವ ಪಟ್ಟಿ ಮೊದಲು ತಯಾರಾಗಲಿ, ಇಬ್ಬರು ನೋಡಿ ಒಪ್ಪಲಿ, ಆಮೇಲೂ ಒಂದಷ್ಟು ದಿನ ಕಸದ ಬುಟ್ಟಿಯಲ್ಲಿ ಉಳಿಯಲಿ. ಅವಧಿ ಅಂದಿರಿ, ಯಾವ ಅವಧಿ? ಕಂಪನಿಯ ಲೆಕ್ಕಪುಸ್ತಕ 8 ಹಣಕಾಸು ವರ್ಷ ಇಡಬೇಕು, ಜಿಎಸ್‌ಟಿ ದಾಖಲೆ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು. ಕೋರ್ಟಿನಲ್ಲಿ ಕೇಸು ಇದ್ದರೆ ಈ ಲೆಕ್ಕವೆಲ್ಲ ನಿಲ್ಲುತ್ತದೆ, ಆ ಫೈಲಿಗೆ ಕೈ ಹಚ್ಚುವ ಹಾಗಿಲ್ಲ. ‘ಈ ನೌಕರರ ಫೈಲನ್ನು ತಡೆಹಿಡಿ’ ಅಂತ ಹೇಳಿದರೆ ನಿಮ್ಮ ಸಾಫ್ಟ್‌ವೇರ್ ಕೇಳುತ್ತದಾ? ಅದನ್ನು ನೋಡಿಕೊಂಡು ಆನ್ ಮಾಡಿ.

ಪ್ರಶ್ನೆ: ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಮಾಡಿಕೊಟ್ಟ ಕಂಪನಿ ಸಣ್ಣದು, ಮುಚ್ಚಿಬಿಟ್ಟರೆ ಅನ್ನುವ ಭಯ.
– ಮಂಗಳೂರು

ಉತ್ತರ: ದೊಡ್ಡದಾದರೂ ಮುಚ್ಚಬಹುದು. ಅಮೆರಿಕದ ನಿರ್ವಾನಿಕ್ಸ್ ಅನ್ನುವ ಕ್ಲೌಡ್ ಸ್ಟೋರೇಜ್ ಕಂಪನಿ 2013ರ ಸೆಪ್ಟೆಂಬರ್‌ನಲ್ಲಿ, ಎರಡು ವಾರದೊಳಗೆ ನಿಮ್ಮ ಡೇಟಾ ತೆಗೆದುಕೊಂಡು ಹೋಗಿ ಅಂತ ಗ್ರಾಹಕರಿಗೆ ಹೇಳಿತು. ಆಮೇಲೆ ಸ್ವಲ್ಪ ದಿನ ಜಾಸ್ತಿ ಕೊಟ್ಟರು. ಟೆರಾಬೈಟುಗಟ್ಟಲೆ ಇಟ್ಟವರಿಗೆ ಅಷ್ಟು ದಿನದಲ್ಲಿ ಇಳಿಸಿಕೊಳ್ಳುವುದೇ ಹರಸಾಹಸ.

ನೀವು ಈಗಲೇ, ಎಲ್ಲ ಸರಿಯಿರುವಾಗಲೇ, ಒಂದು ವಿಭಾಗದ ದಾಖಲೆಯನ್ನು ಪೂರ್ತಿ ಹೊರಗೆ ತೆಗೆಸಿ ನೋಡಿ. ಪಿಡಿಎಫ್‌ಗಳು ಬಂದೇ ಬರುತ್ತವೆ, ಅಷ್ಟಕ್ಕೇ ಖುಷಿಪಡಬೇಡಿ. ಅವುಗಳ ಹೆಸರು 000187, 000188 ಅಂತ ಇದ್ದು, ಯಾವುದು ಯಾರ ಫೈಲು, ಯಾವ ತಾರೀಕಿನದ್ದು, ಯಾರು ಒಪ್ಪಿದ್ದು ಅನ್ನುವ ಮಾಹಿತಿ ಆ ಕಂಪನಿಯ ಡೇಟಾಬೇಸಿನಲ್ಲೇ ಉಳಿದುಬಿಟ್ಟರೆ ನಿಮ್ಮ ಕೈಗೆ ಬಂದಿದ್ದು ಹೆಸರಿಲ್ಲದ ಕಾಗದದ ರಾಶಿ. ಆ ಮಾಹಿತಿ ಎಕ್ಸೆಲ್‌ನಲ್ಲಿ ತೆರೆಯುವಂತೆ ಸಿಎಸ್‌ವಿ ರೂಪದಲ್ಲಿ ಬೇಕು, ಬದಲಾವಣೆಯ ಲಾಗ್ ಕೂಡ ಬೇಕು ಅಂತ ಕೇಳಿ. ಜೊತೆಗೆ ಪ್ರತಿ ಫೈಲಿನ ಹ್ಯಾಶ್ ಕೂಡ ಕೊಡಲಿ. ಅದು ಫೈಲಿನ ಬೆರಳಚ್ಚು, ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಕೋರ್ಟಿಗೆ ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗ ಸರ್ಟಿಫಿಕೇಟಿನಲ್ಲಿ ಇದನ್ನು ಬರೆಯಬೇಕಾಗುತ್ತದೆ.

ಮುಂದಿನ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಚೆಕ್ಕು ಬರೆಯುವ ಮುಂಚೆ ಈ ಕೆಲಸ ಮುಗಿಸಿ. ಚೆಕ್ಕು ಕೈಸೇರಿದ ಮೇಲೆ ಯಾರೂ ಇಷ್ಟು ತಲೆಕೆಡಿಸಿಕೊಂಡು ಮಾಡಿಕೊಡುವುದಿಲ್ಲ.